ಬೆನ್ನು ಉಜ್ಜಲು ಬಂದ ಮಗಳು

ಸಿಯೋಲ್
4 ಅಕ್ಟೋಬರ್ 1999

ಅಕ್ಕ,

ಹುಣ್ಣಿಮೆ ಹಬ್ಬಕ್ಕೆ ಬರಲಿಲ್ಲವೆಂದು ನೀನು ಬೈದುಕೊಂಡದ್ದು ಇಲ್ಲಿಯವರೆಗೂ ಕೇಳಿಸಿತು. ಹಿರಿಯರಿಗೆ ಎಡೆ ಇಡುವಾಗ ನನ್ನ ಪಾಲಿನ ನಮಸ್ಕಾರವನ್ನೂ ನೀನೇ ಮಾಡಿರುತ್ತೀಯ. ಫೋನ್ ಮಾಡೋಣವೆಂದರೆ ಮನೆಯ ಫೋನು ಅಮ್ಮನ ತಲೆದಿಂಬಿನ ಪಕ್ಕದಲ್ಲಿದೆ, ನೀನು ಕೆಲಸ ಮಾಡುವ ಊರ ಸಾರ್ವಜನಿಕ ಸ್ನಾನದ ಮನೆಯ ಫೋನು ನಿನ್ನ ಮಾಲಕಿ ಪ್ಯೊನ್‌ಳ ಕಿವಿಯ ಪಕ್ಕದಲ್ಲಿದೆ. ಅದಕ್ಕೇ ಈ ಕಾಗದ.

ಮೊದಲು ಸಂತೋಷದ ಸುದ್ದಿ. ಏಪ್ರಿಲ್‌ನಲ್ಲಿ ನನ್ನೊಬ್ಬಳದೇ ಪ್ರದರ್ಶನ, ದೊಡ್ಡ ಗ್ಯಾಲರಿಯಲ್ಲಿ. ಇಷ್ಟು ವರ್ಷ ನೆಲಮಾಳಿಗೆಗಳಲ್ಲಿ, ಮುಚ್ಚಿದ ಅಂಗಡಿಗಳಲ್ಲಿ ಮಾಡಿದ್ದೆಲ್ಲ ಇದಕ್ಕಾಗಿಯೇ ಎನಿಸುತ್ತಿದೆ.

ಇನ್ನು ಕೇಳಬೇಕಾದದ್ದು. ನಗಬೇಡ. ಬಣ್ಣ, ಮಣ್ಣು ಎಲ್ಲ ಬಿಟ್ಟು ನಾನು ಮೈಯನ್ನೇ ಸಾಮಗ್ರಿ ಮಾಡಿಕೊಂಡು ಹತ್ತು ವರ್ಷದ ಮೇಲಾಯಿತು. ಬಣ್ಣ ಸುಳ್ಳು ಹೇಳಬಲ್ಲದು, ಮೈ ಹೇಳಲಾರದು. ನನ್ನ ಜೊತೆಯವರೂ ಇದೇ ಹಾದಿಯಲ್ಲಿದ್ದಾರೆ. ಒಬ್ಬಳು ತನ್ನ ಉದುರಿದ ಕೂದಲಿನಿಂದ ಪರದೆ ನೇಯುತ್ತಾಳೆ, ಒಬ್ಬ ಮೊಣಕಾಲಲ್ಲಿ ನಡೆದು ನಡೆದು ರಕ್ತದ ಗುರುತನ್ನು ಬಟ್ಟೆಯ ಮೇಲೆ ಬಿಡುತ್ತಾನೆ. ನಾನು ಉಪ್ಪಿನಲ್ಲಿ ಮಲಗಿದೆ, ಮಂಜುಗಡ್ಡೆ ಅಪ್ಪಿಕೊಂಡು ನಿಂತೆ. ಈಗ ನನಗೆ ಮೂವತ್ತೈದು. ನನ್ನ ಮೈಯನ್ನು ಜನ ನೋಡಿ ಮುಗಿಸಿದ್ದಾರೆ.

ನನಗೆ ಅಮ್ಮನ ಮೈ ಬೇಕು. ಅವಳು ಎಲ್ಲಿಗೂ ಬರಬೇಕಾಗಿಲ್ಲ. ನೀನು ದಿನವೂ ಹೆಂಗಸರ ಮೈ ಉಜ್ಜುತ್ತೀಯಲ್ಲ, ಆಗ ನಿನ್ನ ಕೈಯಡಿ ಸುರುಳಿ ಸುರುಳಿಯಾಗಿ ಏಳುವ ಕೊಳೆ ಇದೆಯಲ್ಲ, ಒಂದು ಬಿಂದಿಗೆ ನೀರು ಸುರಿದು ಚರಂಡಿಗೆ ಅಟ್ಟುತ್ತೀಯಲ್ಲ, ಅದು. ಅದು ಕೊಳೆಯಲ್ಲ ಅಕ್ಕ, ಚರ್ಮ. ಅಮ್ಮನದನ್ನು ಹಾಗೆ ಉಜ್ಜಿ, ತೊಳೆದು, ನೆರಳಲ್ಲಿ ಒಣಗಿಸಿ ಕಳಿಸು. ಕಾಗದದಷ್ಟು ತೆಳ್ಳಗೆ ಒತ್ತಿ ಅವಳ ಅಳತೆಯ ರವಿಕೆಯೊಂದನ್ನು ಮಾಡುತ್ತೇನೆ. ಅವಳ ಮೈಯಿಂದ ಬಂದವಳು ನಾನು, ಆ ಮೈಯನ್ನು ನನ್ನ ಕೈಯಲ್ಲಿ ಮತ್ತೆ ಹೊಲಿಯಬೇಕೆಂಬ ಆಸೆ.

ಅಮ್ಮನ ಹೊಟ್ಟೆನೋವು ಹೇಗಿದೆ? ಔಷಧಿ ಹಿಡಿಯಿತೆ?

ಯೊನ್‌ಜು


ಸಾಮ್‌ಚೊನ್‌ಪೊ
15 ಅಕ್ಟೋಬರ್ 1999

ಯೊನ್‌ಜು,

ನಗಬೇಡ ಎಂದೆ, ನಗು ಬರಲಿಲ್ಲ. ನಿನ್ನ ಕಾಗದದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಅಮ್ಮನದು ಹೊಟ್ಟೆನೋವಲ್ಲ, ಗಡ್ಡೆ. ಜಿಂಜುವಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕತ್ತರಿಸಿ ಪ್ರಯೋಜನವಿಲ್ಲ, ವಯಸ್ಸೂ ಆಯಿತು, ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಿ ಎಂದರು. ವಸಂತವನ್ನು ಕಂಡರೆ ಪುಣ್ಯ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತು ನನ್ನ ಬಾಯನ್ನೇ ನೋಡುತ್ತಿರುತ್ತಾಳೆ.

ನೀನು ಕೇಳಿದ್ದನ್ನು ಅವಳಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಚಿಕ್ಕ ಮಗಳಿಗೆ ನಿನ್ನ ಮೈಕೊಳೆ ಬೇಕಂತೆ, ರವಿಕೆ ಹೊಲೀತಾಳಂತೆ ಎಂದೆ. ನೀನು ಉಪ್ಪಿನಲ್ಲಿ ಮಲಗಿದ್ದ ಫೋಟೊ ಪತ್ರಿಕೆಯಲ್ಲಿ ಬಂದಾಗ ಅವಳು, ಹೊಟ್ಟೆ ಬಗೆಯದೆ ಉಪ್ಪು ಹಾಕಿದರೆ ಮೀನು ಕೆಡುತ್ತೆ ಎಂದಷ್ಟೇ ಹೇಳಿ ಆ ಪತ್ರಿಕೆಯನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟುಕೊಂಡಿದ್ದಳಲ್ಲ. ಈ ಸಲ ತಮಾಷೆ ಮಾಡಲಿಲ್ಲ. ಹೀಗೆ ಹೇಳಿದಳು:

"ಬೇಕಿದ್ರೆ ಅವಳೇ ಬಂದು ಉಜ್ಕೊಂಡು ಹೋಗ್ಲಿ. ನಾನು ಕಾಯ್ತೀನಿ."

ಅಂದಿನಿಂದ ನನ್ನನ್ನು ಬೆನ್ನು ಮುಟ್ಟಗೊಡುತ್ತಿಲ್ಲ. ಭಾನುವಾರ ಬೆನ್ನ ಮೇಲೆ ಹೊತ್ತುಕೊಂಡು ಸ್ನಾನದ ಮನೆಗೆ ಕರೆದೊಯ್ಯುತ್ತೇನೆ. ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಾಳೆ, ಎಲ್ಲರ ಜೊತೆ ಹರಟೆ ಹೊಡೆಯುತ್ತಾಳೆ, ಉಜ್ಜುವ ಮಂಚಕ್ಕೆ ಮಾತ್ರ ಬಾ ಎಂದರೆ ಬರುವುದಿಲ್ಲ. ಊರಿಗೆಲ್ಲ ಬೆನ್ನು ಉಜ್ಜುವ ಮಗಳು ಮನೆಯಲ್ಲೇ ಇದ್ದಾಳೆ, ಅವಳ ಕೈ ಬೇಡ. "ನಿನ್ ಕೈ ಊರೋರ ಬೆನ್ನೆಲ್ಲ ಕಂಡಿದೆ. ಚಿಕ್ಕೋಳ ಕೈ ಬೇಕು ನಂಗೆ, ಒಂದೇ ಒಂದ್ಸಲ" ಎಂದಳು, ಎಲ್ಲರೆದುರಿಗೆ. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನಿದೆ. ಚಿಕ್ಕವರಿದ್ದಾಗ ನಿನ್ನ ಬೆನ್ನು ಉಜ್ಜುತ್ತಿದ್ದವಳು ಅವಳು. ನನ್ನದನ್ನು ಕೈಗೆಟಕಿದಷ್ಟು ನಾನೇ ಉಜ್ಜಿಕೊಳ್ಳುತ್ತಿದ್ದೆ. ಹಿರಿಯವಳು ನಾನಾದರೂ ಬೀದಿಯವರು ಅವಳನ್ನು ಯೊನ್‌ಜು ಅಮ್ಮ ಎಂದೇ ಕರೆಯುವುದು, ಅವಳೂ ಅದಕ್ಕೇ ಓಗೊಡುವುದು.

ಅದೆಲ್ಲ ಇರಲಿ. ಬಾ. ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ. ಉಜ್ಜು, ನಿನಗೆ ಬೇಕಾದದ್ದು ಕಟ್ಟಿಕೊಂಡು ಹೋಗು, ನಾನು ಯಾಕೆ ಎಂದು ಕೇಳುವುದಿಲ್ಲ.

ಅಕ್ಕ


ಸಿಯೋಲ್
7 ನವೆಂಬರ್ 1999

ಅಕ್ಕ,

ನಿನ್ನ ಕಾಗದ ಓದಿ ದಿನವಿಡೀ ಕೆಲಸ ಮಾಡಲಾಗಲಿಲ್ಲ. ಊರ ಡಾಕ್ಟರುಗಳು ಬೇಗ ಕೈಚೆಲ್ಲುತ್ತಾರೆ, ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಾ. ಬರುವುದಿಲ್ಲವೆಂದು ಗೊತ್ತು, ಆದರೂ ಹೇಳಬೇಕಲ್ಲ.

"ಅವಳೇ ಬಂದು ಉಜ್ಕೊಂಡು ಹೋಗ್ಲಿ." ಎಂಥ ಮಾತು ಆಡಿದಳು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೆಲಸದ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಗ್ಯಾಲರಿಯವರು ನೋಡಿ, ಪ್ರದರ್ಶನದ ಹೆಸರು ಇದೇ ಇರಲಿ ಎಂದರು. ಅಮ್ಮನಿಗೆ ಓದು ಬರಹ ಬರದಿದ್ದರೂ ಮಾತು ಹೇಗೆ ಬರುತ್ತದೆ ನೋಡು.

ಈಗ ಬರಲು ಸಾಧ್ಯವೇ ಇಲ್ಲ ಅಕ್ಕ. ಡಿಸೆಂಬರಿನೊಳಗೆ ಅವರಿಗೆ ಫೋಟೊ ಬೇಕು, ಕೈಯಲ್ಲಿ ಏನೂ ಇಲ್ಲದೆ ಕೂತಿದ್ದೇನೆ. ಹೊಸ ವರ್ಷಕ್ಕೆ, ನಮ್ಮ ಚಾಂದ್ರಮಾನದ ಹಬ್ಬಕ್ಕೆ, ಖಂಡಿತ ಬರುತ್ತೇನೆ, ಅಮ್ಮನಿಗೆ ಹೇಳು. ಅಲ್ಲಿಯವರೆಗೆ ನೀನೇ ಉಜ್ಜು. ಹಬೆಯಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಾಳೆ, ಯೊನ್‌ಜು ಬಂದಿದ್ದಾಳೆ ಎಂದರೆ ನಂಬಿಯಾಳು. ಯಾರ ಕೈ ಉಜ್ಜಿದರೂ ಬರುವ ಚರ್ಮ ಅಮ್ಮನದೇ ತಾನೆ?

ಒಣಗಿಸುವಾಗ ಬಿಸಿಲು ತಾಗದಂತೆ ನೋಡಿಕೋ. ಬಿಸಿಲಿಗೆ ಹಳದಿಯಾಗುತ್ತದೆ.

ಯೊನ್‌ಜು


ಸಾಮ್‌ಚೊನ್‌ಪೊ
18 ಡಿಸೆಂಬರ್ 1999

ಯೊನ್‌ಜು,

ಕೇಳಿದ್ದು ಈ ಪೊಟ್ಟಣದಲ್ಲಿದೆ. ತೊಳೆದು ನೆರಳಲ್ಲಿ ಒಣಗಿಸಿದ್ದು.

ಅಮ್ಮ ಗಂಜಿಗಿಂತ ಹೆಚ್ಚಿನದೇನೂ ತಿನ್ನುತ್ತಿಲ್ಲ. ಭಾನುವಾರ ತೊಟ್ಟಿಯ ಅಂಚಿನಲ್ಲಿ ಕೂತು, ಚಿಕ್ಕೋಳು ಹಬ್ಬಕ್ಕೆ ಬರ್ತಾಳೆ ಎಂದು ಎಲ್ಲರಿಗೂ ಹೇಳುತ್ತಾಳೆ. ಹೋದ ವಾರ ಹೇಳಿದವರಿಗೇ ಈ ವಾರವೂ ಹೇಳುತ್ತಾಳೆ. ಒಣಮೀನು ಮಾರುವ ಹ್ವಾಂಗ್ ಅಜ್ಜಿ ರೇಗಿಹೋಗಿ, ಅವಳು ಬರೋ ಹೊತ್ಗೆ ನಿನ್ ಬೆನ್ನಲ್ಲಿ ಮೂಲಂಗಿ ಬೆಳೀಬಹುದು, ಉಜ್ಜಿಸ್ಕೊಳ್ಳೇ ಎಂದಳು. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಆದರೂ ಮಂಚಕ್ಕೆ ಬರಲಿಲ್ಲ.

ನಿನಗೆ ಒಂದು ದಿನವೂ ಬಿಡುವಿಲ್ಲವೆ? ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೋದರೂ ಆಗುತ್ತದೆ.

ಅಕ್ಕ


ಸಿಯೋಲ್
27 ಡಿಸೆಂಬರ್ 1999

ನನ್ನ ಬಂಗಾರದ ಅಕ್ಕ,

ಪೊಟ್ಟಣ ಬಿಚ್ಚಿ ಮುಖಕ್ಕೆ ಹಿಡಿದುಕೊಂಡೆ. ಅತ್ತುಬಿಟ್ಟೆ. ಅದೇ ವಾಸನೆ, ಒಣಮೀನು, ಸಮುದ್ರ, ಹಳೆಯ ಸಾಬೂನು. ನಮ್ಮಮ್ಮನ ವಾಸನೆ. ನಾನು ಈ ಊರಿಗೆ ಬಂದು ಹದಿನಾರು ವರ್ಷವಾಯಿತು, ಒಮ್ಮೆಯೂ ಅವಳು ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ. ಬೇರೆ ಯಾರದನ್ನಾದರೂ ನನ್ನ ಮುಂದೆ ಇಟ್ಟಿದ್ದರೆ ಆ ಕ್ಷಣವೇ ಗುರುತಿಸಿಬಿಡುತ್ತಿದ್ದೆ. ಮೈ ಸುಳ್ಳು ಹೇಳುವುದಿಲ್ಲ ಎಂದು ಇದಕ್ಕೇ ಹೇಳುವುದು.

ಕೆಲಸ ಶುರುವಾಗಿದೆ. ಅಕ್ಕಿಗಂಜಿಯ ತಿಳಿಯಲ್ಲಿ ನೆನೆಸಿ, ಬಾಗಿಲಿಗೆ ಅಂಟಿಸುತ್ತೇವಲ್ಲ ಆ ಕಾಗದದ ಮೇಲೆ ಹರಡಿ, ಆರಿದ ಮೇಲೆ ಬಿಡಿಸಿಕೊಳ್ಳುತ್ತೇನೆ. ಉಸಿರು ತಾಗಿದರೆ ಹರಿಯುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ಎರಡು ಮುಂಭಾಗಗಳೂ ಬೆನ್ನೂ ಮುಗಿದಿವೆ. ಗ್ಯಾಲರಿಯ ಯಜಮಾನ ಬಂದು ನೋಡಿ, ಹೋಗುವಾಗ ತಲೆ ಬಾಗಿಸಿ ಹೋದ. ಅವನು ಯಾರಿಗೂ ತಲೆ ಬಾಗಿಸುವವನಲ್ಲ.

ತೋಳುಗಳಿಗೆ ಸಾಲುತ್ತಿಲ್ಲ. ಇನ್ನೂ ಇಷ್ಟು ಬೇಕು. ಅಮ್ಮ ಕೊನೆಗೂ ನಿನ್ನ ಕೈಗೆ ಒಪ್ಪಿದಳಲ್ಲ, ಅದೇ ನನಗೆ ಸಮಾಧಾನ.

ಯೊನ್‌ಜು


ಸಾಮ್‌ಚೊನ್‌ಪೊ
16 ಜನವರಿ 2000

ಯೊನ್‌ಜು,

ಇನ್ನೊಂದು ಪೊಟ್ಟಣ. ಇದು ಸಾಕಾಗದಿದ್ದರೆ ತೋಳಿಲ್ಲದ ರವಿಕೆ ಮಾಡು.

ಹಬ್ಬದವರೆಗೆ ಕಾಯಬೇಡ. ಈ ಕಾಗದ ಕೈಗೆ ಸಿಕ್ಕ ದಿನವೇ ಹೊರಡು. ಈಗ ತೊಟ್ಟಿಯಲ್ಲಿ ಕೂರುವ ತ್ರಾಣವೂ ಅವಳಿಗಿಲ್ಲ, ಮನೆಯಲ್ಲೇ ಬಿಸಿಬಟ್ಟೆಯಲ್ಲಿ ಮುಖ, ಕೈಕಾಲು ಒರೆಸುತ್ತೇನೆ. ಬೆನ್ನ ಕಡೆ ಕೈ ಹೋದರೆ ಈಗಲೂ ಗೋಡೆಗೆ ಒರಗಿಕೊಳ್ಳುತ್ತಾಳೆ. ಹೀಗೆ ಮಾಡ್ಬೇಡಮ್ಮ, ಚರ್ಮ ತುರಿಸುತ್ತೆ, ಹುಣ್ಣಾಗುತ್ತೆ ಎಂದು ಗದರಿಸಿದೆ, ಅತ್ತೆ, ಕೊನೆಗೆ ಮಾತು ಬಿಟ್ಟೆ. ಅವಳದು ಒಂದೇ ಹಟ. ಬಸ್ಸು ಬರುವ ಹೊತ್ತಿಗೆ ದಿನವೂ ನನ್ನನ್ನು ಬಾಗಿಲಿಗೆ ಕಳಿಸುತ್ತಾಳೆ.

ನಿನ್ನ ಪ್ರದರ್ಶನ ಏಪ್ರಿಲ್‌ಗೆ. ಅಮ್ಮ ಏಪ್ರಿಲ್‌ವರೆಗೆ ಇರುವುದಿಲ್ಲ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಗೊತ್ತಿಲ್ಲ.

ಅಕ್ಕ


ಸಿಯೋಲ್
2 ಫೆಬ್ರವರಿ 2000

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹಬ್ಬದ ದಿನವೇ ಜಪಾನಿನಿಂದ ಒಬ್ಬರು ನನ್ನ ಕೆಲಸ ನೋಡಲು ಬರುತ್ತಿದ್ದಾರೆ. ಅವರಿಗೆ ನಮ್ಮ ಹಬ್ಬದ ಲೆಕ್ಕ ಎಲ್ಲಿ ಗೊತ್ತು, ನನಗೆ ಬೇಡ ಎನ್ನುವ ಧೈರ್ಯವಿಲ್ಲ. ಅದಾದ ಮರುವಾರವೇ ಬರುತ್ತೇನೆ, ಈ ಸಲ ಸುಳ್ಳಲ್ಲ. ಹಬ್ಬದ ಬೆಳಿಗ್ಗೆ ಅಮ್ಮನ ಕಿವಿಗೆ ಫೋನ್ ಹಿಡಿ, ಇಲ್ಲಿಂದಲೇ ಅಡ್ಡಬೀಳುತ್ತೇನೆ. ಪಿಯರ್ ಹಣ್ಣಿನ ಬುಟ್ಟಿ ಕಳಿಸಿದ್ದೇನೆ. ಸಣ್ಣಗೆ ತುರಿದು ಕೊಟ್ಟರೆ ತಿಂದಾಳು.

ನೀನು ಯಾವಾಗಲೂ ಸ್ವಲ್ಪ ಹೆಚ್ಚೇ ಹೆದರಿಸುತ್ತೀಯ. ಉಜ್ಜಲು ಒಪ್ಪಿದ್ದಾಳೆಂದರೆ ಮೈಯಲ್ಲಿ ಇನ್ನೂ ಶಕ್ತಿ ಇದೆ ಎಂದೇ ಅರ್ಥ.

ಯೊನ್‌ಜು


ಸಾಮ್‌ಚೊನ್‌ಪೊ
12 ಏಪ್ರಿಲ್ 2000

ಯೊನ್‌ಜು,

ಅಮ್ಮ ಹೋದ ಮೇಲೆ ನಿನಗೆ ಇದು ನನ್ನ ಮೊದಲ ಕಾಗದ. ಹಬ್ಬ ಕಳೆದು ವಾರಕ್ಕೆ ಹೋದಳು. ನೀನು ಬರುತ್ತೇನೆಂದ ವಾರವೇ. ನೀನು ಎರಡನೆಯ ದಿನ ಕಪ್ಪು ಬಟ್ಟೆ ತೊಟ್ಟು ಬಂದು, ಎಲ್ಲರಿಗಿಂತ ಜೋರಾಗಿ ಅತ್ತು, ಮಣ್ಣು ಮಾಡಿದ ಮರುದಿನ ಅವಳ ಬಾಚಣಿಗೆ ತೆಗೆದುಕೊಂಡು ಹೊರಟುಹೋದೆ. ಆಗ ಏನೂ ಹೇಳಬಾರದೆಂದುಕೊಂಡಿದ್ದೆ. ನಲವತ್ತೊಂಬತ್ತನೆಯ ದಿನದ ತಿಥಿಗೆ ನೀನು ಬಾರದಿದ್ದಾಗಲೂ ಬಾಯಿ ಮುಚ್ಚಿಕೊಂಡೆ. ಮೊನ್ನೆ ನಿನ್ನ ಪ್ರದರ್ಶನಕ್ಕೆ ಬಂದು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ರವಿಕೆ ಚೆನ್ನಾಗಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಗಾಜಿನೊಳಗೆ ನೇತಾಡುತ್ತಾ, ದೀಪದ ಬೆಳಕು ಅದರೊಳಗಿಂದ ಹಾದು ಬರುವಾಗ ನಾನೂ ಅಲ್ಲೇ ನಿಂತುಬಿಟ್ಟೆ. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ನನ್ನ ಕೈಯಡಿ ದಿನವೂ ಕೊಚ್ಚಿಹೋಗುವ ವಸ್ತು ಹೀಗೂ ಆಗಬಹುದೆಂದು ನಾನು ಎಣಿಸಿರಲಿಲ್ಲ. ನಿನಗೆ ಕೈಗುಣ ಇದೆ, ಅದನ್ನು ನಾನು ಯಾವತ್ತೂ ಇಲ್ಲವೆಂದಿಲ್ಲ.

ಆಮೇಲೆ ಪಕ್ಕದ ಗೋಡೆಯ ಮೇಲಿದ್ದದ್ದನ್ನು ಓದಿದೆ. ತಾಯಿಯ ಕೊನೆಯ ಚಳಿಗಾಲದಲ್ಲಿ ಕಲಾವಿದೆ ಪ್ರತಿ ಭಾನುವಾರ ಊರಿಗೆ ಹೋಗಿ, ತನ್ನ ಕೈಯಿಂದಲೇ ಅವಳ ಬೆನ್ನು ಉಜ್ಜಿ ಸಂಗ್ರಹಿಸಿದ ಚರ್ಮದಿಂದ ಮಾಡಿದ್ದು ಎಂದಿತ್ತು. ತಪ್ಪು ಓದಿದೆನೇನೋ ಎಂದು ಎರಡು ಸಲ ಓದಿದೆ. ಅಷ್ಟರಲ್ಲಿ ನೀನು ನಾಲ್ಕು ಜನರ ಜೊತೆ ಬಂದೆ. ಊರಿಂದ ನನ್ನಕ್ಕ ಬಂದಿದ್ದಾಳೆ ಎಂದು ಪರಿಚಯಿಸಿದೆ. ನಿನ್ನ ಮುಖ ಸ್ವಲ್ಪವೂ ಬಾಡಲಿಲ್ಲ.

ಈಗ ಕೇಳು. ಆ ರವಿಕೆಯಲ್ಲಿ ಅಮ್ಮ ಒಂದು ಎಳೆಯಷ್ಟೂ ಇಲ್ಲ.

ಅವಳು ನನ್ನ ಕೈಗೆ ಒಪ್ಪಿದಳೆಂದು ನಾನು ಯಾವ ಕಾಗದದಲ್ಲೂ ಬರೆದಿಲ್ಲ, ತೆಗೆದು ನೋಡು. ನೀನೇ ಹಾಗೆಂದುಕೊಂಡೆ. ನಾನು ಕಳಿಸಿದ್ದು ಸ್ನಾನದ ಮನೆಯ ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಂಡದ್ದು. ವಾರದ ಕೊನೆಗೆ ಅದನ್ನು ಕೆರೆದು ತೆಗೆಯುವುದು ನನ್ನದೇ ಕೆಲಸ. ಅದರಲ್ಲಿ ಹ್ವಾಂಗ್ ಅಜ್ಜಿ ಇದ್ದಾಳೆ, ಬ್ಯಾಂಕ್ ಮ್ಯಾನೇಜರನ ಹೆಂಡತಿ ಇದ್ದಾಳೆ, ಚಹಾ ಅಂಗಡಿಯ ಹುಡುಗಿಯರಿದ್ದಾರೆ, ಬಸುರಿಯರು, ಬಾಣಂತಿಯರು, ಚರ್ಚಿಗೆ ಹೋಗುವವರು, ಇಸ್ಪೀಟು ಆಡುವವರು, ಅಮ್ಮನ ಜೊತೆ ಹದಿನೈದು ವರ್ಷ ಮಾತು ಬಿಟ್ಟಿದ್ದ ಆ ಹಿಟ್ಟಿನ ಗಿರಣಿಯವಳೂ ಇದ್ದಾಳೆ. ನೀನು ಮುಖಕ್ಕೆ ಹಿಡಿದುಕೊಂಡು ಅತ್ತೆಯಲ್ಲ, ಆ ಒಣಮೀನಿನ ವಾಸನೆ ಈ ಊರಿನದು. ಇಲ್ಲಿ ಎಲ್ಲರ ಅಮ್ಮಂದಿರಿಗೂ ಅದೇ ವಾಸನೆ.

ಅಮ್ಮನ ಬೆನ್ನು ನಿನ್ನ ಕೈಗಾಗಿ ಕಾದೇ ಹೋಯಿತು. ಹೆಣ ತೊಳೆಯುವ ಹೆಂಗಸು ಹತ್ತಿಯನ್ನು ಮಾಚಿಪತ್ರೆ ಸೊಪ್ಪಿನ ನೀರಿನಲ್ಲಿ ಅದ್ದಿ ಬೆನ್ನು ಒರೆಸಿದಳು. ಬೂದುಬಣ್ಣದ ಸುರುಳಿ ಎದ್ದು ಬಂತು. ಇನ್ನೊಮ್ಮೆ ಒರೆಸಿದಳು, ಮತ್ತೂ ಬಂತು. ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: "ನೀವು ಬೆನ್ನು ಉಜ್ಜೋರಲ್ವಾ?"

ನೀನು ಆಗ ಇನ್ನೂ ಬಸ್ಸಿನಲ್ಲಿದ್ದೆ.

ಜೊಮ್‌ಸುನ್


ಸಿಯೋಲ್
21 ಏಪ್ರಿಲ್ 2000

ಅಕ್ಕ,

ನಿನ್ನ ಕಾಗದವನ್ನು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಎಂಥ ಸೇಡು ತೀರಿಸಿಕೊಂಡೆ. ಸಾಯುತ್ತಿರುವ ತಾಯಿಯ ಹೆಸರಿನಲ್ಲಿ ಊರ ಕೊಚ್ಚೆಯನ್ನು ಕಟ್ಟಿ ಕಳಿಸಲು ನಿನಗೆ ಹೇಗೆ ಮನಸ್ಸು ಬಂತು? ಕೊಡಲಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬೇರೆ ಏನಾದರೂ ಮಾಡಿಕೊಳ್ಳುತ್ತಿದ್ದೆ. ಮೂರು ತಿಂಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಾರ ಚರ್ಮವನ್ನು ಎದೆಗೆ ಒತ್ತಿಕೊಂಡು ಅತ್ತೆ ನಾನು?

ಗೋಡೆಯ ಮೇಲಿನ ಬರಹ ಗ್ಯಾಲರಿಯವರದು. ನಾನು ಹೊಸ ವರ್ಷಕ್ಕೆ ಹೋಗುತ್ತೇನೆ, ಭಾನುವಾರ ಹೋಗುತ್ತೇನೆ ಎಂದು ಚಳಿಗಾಲವಿಡೀ ಅವರೆದುರು ಹೇಳುತ್ತಿದ್ದೆ. ಹೋಗಿದ್ದೇನೆಂದೇ ಅವರು ತಿಳಿದರು. ನಾನು ತಿದ್ದಲಿಲ್ಲ. ಮೊದಲ ದಿನ ತಿದ್ದಬಹುದಿತ್ತು, ಆಮೇಲೆ ಎಲ್ಲರೂ ಅದನ್ನೇ ಓದಿ ಅಳುತ್ತಿದ್ದಾಗ ಬಾಯಿ ಬರಲಿಲ್ಲ.

ಈಗ ನಾನು ಏನೇ ಹೇಳಿದರೂ ನಿನಗೆ ಅಸಹ್ಯವೆನಿಸುತ್ತದೆ, ಆದರೂ ಹೇಳಲೇಬೇಕು. ರವಿಕೆಯನ್ನು ಜಪಾನಿನ ಸಂಗ್ರಹಾಲಯದವರು ಕೊಳ್ಳುತ್ತಿದ್ದಾರೆ. ಮುಂದಿನ ಮಂಗಳವಾರ ಪತ್ರಿಕೆಯೊಂದರ ಹೆಂಗಸು ನಿಮ್ಮ ಸ್ನಾನದ ಮನೆ ನೋಡಲು ಸಾಮ್‌ಚೊನ್‌ಪೊಗೆ ಬರುತ್ತಾಳೆ. ನಾನು ಬೇಡವೆಂದೆ, ಕೇಳಲಿಲ್ಲ. ಅವಳು ನಿನ್ನನ್ನು ಕೇಳಿಯೇ ಕೇಳುತ್ತಾಳೆ. ಗೋಡೆಯ ಮೇಲಿದ್ದದ್ದನ್ನೇ ಹೇಳಿಬಿಡು ಅಕ್ಕ. ಇಲ್ಲವೆಂದರೆ ನನ್ನ ಹದಿನಾರು ವರ್ಷ ಒಂದೇ ದಿನದಲ್ಲಿ ಮುಗಿಯುತ್ತದೆ. ನಿನ್ನ ಕೈಯಲ್ಲಿದ್ದೇನೆ.

ಮೇ ತಿಂಗಳಲ್ಲಿ ಬರುತ್ತೇನೆ. ಸಮಾಧಿಗೆ ಹೋಗಿ ಹುಲ್ಲು ಕೀಳೋಣ. ನಿನ್ನ ಕಾಲು ಹಿಡಿಯುತ್ತೇನೆ.

ಯೊನ್‌ಜು


ಸಾಮ್‌ಚೊನ್‌ಪೊ
30 ಏಪ್ರಿಲ್ 2000

ಯೊನ್‌ಜು,

ಪತ್ರಿಕೆಯವಳು ಬಂದಿದ್ದಳು. ಕೋಟು ಹಾಕಿಕೊಂಡೇ ಒಳಗೆ ನುಗ್ಗಲು ಹೋದಳು. ಪ್ಯೊನ್ ಬಿಡಲಿಲ್ಲ, ಇಲ್ಲಿ ಬಟ್ಟೆ ತೊಟ್ಟು ಯಾರೂ ಒಳಗೆ ಹೋಗುವಂತಿಲ್ಲ ಎಂದಳು. ಪಾಪ, ಎಲ್ಲ ಕಳಚಿ, ಬರೆಯುವ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡು, ಸಣ್ಣ ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತಳು. ಮೈ ಮೈ ಎಂದು ಬರೆಯುವವಳಿಗೆ ತನ್ನದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹ್ವಾಂಗ್ ಅಜ್ಜಿ ಅವಳ ಹಿಂದೆ ಕೂತು, ಕೇಳದೆಯೇ ಬೆನ್ನು ಉಜ್ಜತೊಡಗಿದಳು.

ಅವಳಿಗೆ ನಿಜ ಹೇಳಬೇಕೆಂದೇ ನಿರ್ಧಾರ ಮಾಡಿದ್ದೆ. ನೀನು ಕಾಲು ಹಿಡಿಯುತ್ತೇನೆ ಎಂದು ಬರೆದದ್ದು ನನ್ನನ್ನು ಕರಗಿಸಲಿಲ್ಲ, ಇನ್ನಷ್ಟು ಗಟ್ಟಿ ಮಾಡಿತು. ಇಡೀ ಚಳಿಗಾಲ ಅಮ್ಮ ಬೇಡಿದ್ದು ನಿನ್ನ ಕೈಯನ್ನು. ಅದನ್ನು ಈಗ ನನ್ನ ಕಾಲಿಗೆ ಕೊಡಲು ಬರುತ್ತೀಯ.

ಅವಳು ಕೇಳಿದಳು, ನಿಮ್ಮ ತಂಗಿ ಪ್ರತಿ ಭಾನುವಾರ ಬರುತ್ತಿದ್ದರಂತೆ, ಇದೇ ಮಂಚದ ಮೇಲೇ ಉಜ್ಜುತ್ತಿದ್ದುದೇ ಎಂದು.

ಸ್ನಾನದ ಮನೆಯಲ್ಲಿ ಎಲ್ಲರ ಕೈಯೂ ನಿಂತಿತು. ಅಲ್ಲಿದ್ದವರೆಲ್ಲರೂ ಅಮ್ಮನ ಬಾಯಿಂದ ಚಿಕ್ಕೋಳು ಬರ್ತಾಳೆ ಎಂಬುದನ್ನು ವಾರವಾರವೂ ಕೇಳಿದವರು. ಬಂದಿಲ್ಲವೆಂಬುದು ಎಲ್ಲರಿಗೂ ಗೊತ್ತು. ನನಗೆ ಆಗ ಹೊಳೆಯಿತು, ನಾನು ಇಲ್ಲ ಎಂದರೆ ಪತ್ರಿಕೆಯಲ್ಲಿ ಅಚ್ಚಾಗುವುದು ನಿನ್ನ ಸುಳ್ಳು ಮಾತ್ರ ಅಲ್ಲ. ಸಾಮ್‌ಚೊನ್‌ಪೊದ ಒಬ್ಬ ಮುದುಕಿ ಸಾಯುವವರೆಗೂ ಬೆನ್ನು ಉಜ್ಜಿಸಿಕೊಳ್ಳದೆ ಮಗಳ ದಾರಿ ಕಾದಳು, ಮಗಳು ಬರಲೇ ಇಲ್ಲ ಎಂದೂ ಅಚ್ಚಾಗುತ್ತದೆ. ನಿನಗೆ ನಾಚಿಕೆಯಾಗುವುದು ಒಂದು ವರ್ಷ. ಅಮ್ಮ ಮಾತ್ರ ಬೇಡವಾದ ತಾಯಿಯಾಗಿ ಆ ಪತ್ರಿಕೆಯಲ್ಲಿ ಉಳಿದುಬಿಡುತ್ತಾಳೆ. ಅವಳು ಅಷ್ಟು ಜನರೆದುರು ಜಂಬ ಕೊಚ್ಚಿದ್ದು ಅದಕ್ಕಲ್ಲ.

"ಹೂಂ," ಎಂದೆ. "ಬರ್ತಿದ್ಲು."

ಆಮೇಲೆ ಹ್ವಾಂಗ್ ಅಜ್ಜಿ, ಪತ್ರಿಕೆಯವಳ ಬೆನ್ನಿನಿಂದ ಕಣ್ಣೆತ್ತದೆ, ತಾನಾಗಿಯೇ ಹೇಳಿದಳು: "ಬರ್ದೇ ಇರ್ತಾಳಾ? ಬೆಳಗಿನ ಬಸ್ಸಿಗೇ ಬರ್ತಿದ್ಲು. ಬಂದೋಳೇ ಅಮ್ಮನ್ನ ಬೆನ್ಮೇಲೆ ಹೊತ್ಕೊಂಡು ಬರೋಳು, ಅಕ್ಕನ್ ಕೈಲಿ ಹೊರ್ಸ್ತಾನೇ ಇರ್ಲಿಲ್ಲ."

ಒಬ್ಬಳು ಬಾಯಿ ತೆರೆದ ಮೇಲೆ ಉಳಿದವರು ಬಿಡುತ್ತಾರೆಯೇ. ತೋಫು ಮಾಡುವವಳು, ಮೊದಲು ನೀರು ಬಿಸಿ ಇದೆಯಾ ಎಂದು ನೀನು ಮೊಣಕೈ ಅದ್ದಿ ನೋಡಿಯೇ ಅಮ್ಮನನ್ನು ಇಳಿಸುತ್ತಿದ್ದೆ ಎಂದಳು. ಉಜ್ಜುವಾಗ ಅಮ್ಮ ಸಾಕೇ ಸಾಕೇ ಎಂದು ಬೈಯುತ್ತಿದ್ದಳು, ನೀನು, ಚಿಕ್ಕಂದಿನಲ್ಲಿ ನಂಗೆ ಉಜ್ಜಿದ್ದಕ್ಕೆ ಇದು ಸೇಡು ಅಮ್ಮ ಎಂದು ನಗುತ್ತಿದ್ದೆ ಎಂದು ಇನ್ನೊಬ್ಬಳು ಹೇಳಿದಳು. ಮುಗಿದ ಮೇಲೆ ಅಮ್ಮನಿಗೆ ಬಾಳೆಹಣ್ಣಿನ ಹಾಲು ಕೊಡಿಸಿ, ಸ್ಟ್ರಾ ಬಾಯಿಗಿಟ್ಟು, ಕುಡಿದು ಮುಗಿಯುವವರೆಗೆ ತಲೆ ಬಾಚುತ್ತಾ ಕೂರುತ್ತಿದ್ದೆಯಂತೆ. ಪ್ಯೊನ್ ಹೊರಗಿನಿಂದಲೇ ಕೂಗಿ, ಆ ಹಾಲಿಗೆ ತಾನು ಯಾವತ್ತೂ ದುಡ್ಡು ತಗೊಂಡಿಲ್ಲ ಎಂದು ಸೇರಿಸಿದಳು. ಗಿರಣಿಯವಳು, ಅಮ್ಮನ ಜೊತೆ ಮಾತು ಬಿಟ್ಟವಳು, ಮೂಲೆಯಲ್ಲಿ ಕಾಲು ತೊಳೆಯುತ್ತಿದ್ದವಳು, ತಲೆ ಎತ್ತದೆ ಇಷ್ಟೇ ಹೇಳಿದಳು: "ಅಂಥಾ ಮಗ್ಳನ್ನ ನಾನ್ ನೋಡಿಲ್ಲ."

ಪತ್ರಿಕೆಯವಳ ಕಣ್ಣು ಒದ್ದೆಯಾಯಿತು. ಬರೆದುಕೊಂಡಳು, ಬರೆದುಕೊಂಡಳು. ಅವಳು ಹೋದ ಮೇಲೆ ಎಲ್ಲರೂ ನಕ್ಕುಬಿಡುತ್ತಾರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಈಗಲೂ ಮಾತಿನ ನಡುವೆ ಯಾರಾದರೂ ಒಂದಿಷ್ಟು ಸೇರಿಸುತ್ತಾರೆ, ಆ ಭಾನುವಾರ ಹಿಮ ಬಿದ್ದಿತ್ತಲ್ಲ, ಆದ್ರೂ ಬಂದಿದ್ಲು ಎಂದು. ನಾನೂ ಹೂಂ ಎನ್ನುತ್ತೇನೆ. ನಿನ್ನೆ ನಾನೇ ಒಂದು ಸೇರಿಸಿದೆ. ಕೊನೆಯ ಭಾನುವಾರ ನೀನು ನನ್ನನ್ನೂ ಮಂಚದ ಮೇಲೆ ಮಲಗಿಸಿ, ಅಕ್ಕ ನಿನ್ ಬೆನ್ನು ಯಾರ್ ಉಜ್ತಾರೆ ಎಂದು ಕೇಳಿದೆ ಎಂದು ಹೇಳಿದೆ. ಎಲ್ಲರೂ ನಂಬಿದರು.

ಮೇ ತಿಂಗಳಲ್ಲಿ ಬರುತ್ತೇನೆ ಎಂದಿದ್ದೀಯ. ಬೇಡ. ನಿನ್ನ ರವಿಕೆ ನಿನ್ನ ಹತ್ತಿರ ಇರಲಿ, ಜಪಾನಿಗೆ ಹೋಗಲಿ, ನಾನು ಯಾರಿಗೂ ಏನೂ ಹೇಳುವುದಿಲ್ಲ. ಇಲ್ಲಿ ನಾವೆಲ್ಲ ಸೇರಿ ಅಮ್ಮನಿಗೆ ಒಬ್ಬ ಮಗಳನ್ನು ಮಾಡಿಕೊಟ್ಟಿದ್ದೇವೆ. ನೀನು ಬಂದು ಅವಳನ್ನು ಕೆಡಿಸಬೇಡ.

ಜೊಮ್‌ಸುನ್